ಜಾರಿದ ಬಲೂನು

ಹಾಸ್ಟೆಲ್, ಮಹಡಿಯ ಕೋಣೆ
ಜನವರಿ ೧೨, ಮಂಗಳವಾರ

ಪ್ರೀತಿಯ ಅಪ್ಪಾ,

ಸಾರಿ ಅಪ್ಪಾ, ಫೋನ್ ಇದ್ದೂ ಕಾಗದ ಬರೆದು ನಿಮ್ಮನ್ನು ಗಾಬರಿಪಡಿಸುತ್ತಿದ್ದೇನೆ. ಫೋನಿನಲ್ಲಾದರೆ ಬರೀ ಅಳುತ್ತೇನೆ. ಮೊನ್ನೆಯೂ ಹಾಗೇ ಆಯಿತಲ್ಲ, ಈ ಟೀಚರ್ ಟ್ರೈನಿಂಗ್ ನನ್ನ ಕೈಲಾಗಲ್ಲ ಅಂತ ಅತ್ತೆ. ನೀವು "ಸಾಕು ಬಿಡು, ತಿಂಗಳ ಕೊನೆಗೆ ಬಂದು ಕರ್ಕೊಂಡು ಹೋಗ್ತೀನಿ" ಅಂದಿರಿ. ಇರಲಿ, ನಿಮ್ಮ ಮೊಣಕಾಲು ಹೇಗಿದೆ? ಇಡೀ ದಿನ ನಿಂತೇ ಕ್ಷೌರ ಮಾಡಬೇಡಿ. ಗಿರಾಕಿ ಇಲ್ಲದಾಗಲಾದರೂ ಆ ತಿರುಗುವ ಕುರ್ಚಿಯಲ್ಲಿ ನೀವೇ ಕೂತುಕೊಳ್ಳಿ.

ಇವತ್ತು ನನ್ನ ಮೊದಲ ಪಾಠ. ಆರನೇ ಕ್ಲಾಸು, ಉಜ್ಜಿದಾಗ ಹುಟ್ಟುವ ಸ್ಥಾಯಿ ವಿದ್ಯುತ್. ನಮ್ಮ ಟ್ರೈನಿಂಗ್ ಮೇಡಂ ಕೊನೆಯ ಬೆಂಚಿನಲ್ಲಿ ಪೆನ್ನು ಬಿಚ್ಚಿ ಕೂತಿದ್ದರು. ಬಲೂನನ್ನು ನನ್ನ ತಲೆಗೆ ಉಜ್ಜಿ ಗೋಡೆಗೆ ಅಂಟಿಸುವುದು ಪ್ಲಾನ್. ನಿನ್ನೆ ರೂಮಿನಲ್ಲಿ ಜಿಗಣೆಯ ಹಾಗೆ ಅಂಟಿದ್ದ ಬಲೂನು ಇವತ್ತು ಜಾರಿ ಬಿತ್ತು. ಮತ್ತೆ ಉಜ್ಜಿದೆ, ಮತ್ತೆ ಬಿತ್ತು. ಪಾಠವನ್ನು ಇಂಗ್ಲಿಷ್ ಪುಸ್ತಕದಿಂದ ಬಾಯಿಪಾಠ ಮಾಡಿದ್ದೆ, ಕನ್ನಡದಲ್ಲಿ ವಿವರಿಸಲು ಹೋಗಿ ತಡವರಿಸಿದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ನಿಮ್ ತಲೇಲಿ ಎಣ್ಣೆ ಸೋರ್ತಿದೆ, ಪಾಪ ಬಲೂನು ಇನ್ನೇನ್ ಮಾಡತ್ತೆ?" ಅಂದಳು. ಇಡೀ ಕ್ಲಾಸು ಗೊಳ್ಳೆಂದಿತು.

"ದೊಡ್ಡ ಕೆಲಸಕ್ಕೆ ಹೋಗೋವಾಗ ತಲೆಗೆ ಎಣ್ಣೆ ಬೀಳ್ಲೇಬೇಕು ಮಗಳೇ" ಅಂತ ಮೊನ್ನೆ ಅದೇ ಫೋನಿನಲ್ಲಿ ಹೇಳಿದ್ದು ಯಾರಪ್ಪಾ? ನಾನೂ ವಿಧೇಯಳಾಗಿ ಇವತ್ತು ಬೆಳಿಗ್ಗೆ ಅರ್ಧ ಬಾಟಲಿ ಸುರಿದುಕೊಂಡಿದ್ದೆ! ಆಗ ನಮ್ಮ ಅಂಗಡಿ ನೆನಪಾಯಿತು. ಒಣ ಹವೆಯ ದಿನ ಗಿರಾಕಿಯ ಕೂದಲು ಬಾಚಣಿಗೆಯ ಹಿಂದೆಯೇ ಎದ್ದು ನಿಂತರೆ ನೀವು ಒಂದು ತೊಟ್ಟು ಎಣ್ಣೆ ಸವರುತ್ತಿದ್ದಿರಿ, ಕೂದಲು ತೆಪ್ಪಗೆ ಮಲಗುತ್ತಿತ್ತು. ಮಕ್ಕಳಿಗೆ ಅದನ್ನೇ ಹೇಳಿದೆ, ಕನ್ನಡದಲ್ಲೇ, ತಡವರಿಸದೆ. ಎಣ್ಣೆ ಮೆತ್ತಿದ ಬಲೂನು ಬಿಟ್ಟು ಹೊಸದನ್ನು ಊದಿ, ಆ ಬಾಯಿಬಡುಕಿಯ ಒಣ ಕೂದಲಿಗೇ ಉಜ್ಜಿದೆ. ಕೂದಲು ಎದ್ದು ನಿಂತಿತು, ಬಲೂನು ಗೋಡೆಗೆ ಕಚ್ಚಿಕೊಂಡಿತು. ಗಂಟೆ ಹೊಡೆದರೂ "ಮಿಸ್, ನಂಗೆ! ನಂಗೂ!" ಅಂತ ಮಕ್ಕಳೆಲ್ಲ ಮುತ್ತಿಕೊಂಡವು.

ಮೇಡಂ ಹೊರಗೆ ನಿಲ್ಲಿಸಿ, "ಮೊದಲ ಸಲವೇ ಅಂಟಿದ್ರೆ ಮಕ್ಕಳು ಇಷ್ಟು ಕಲೀತಿರ್ಲಿಲ್ಲ ಕಣಮ್ಮ. ಮುಂದಿನ ವಾರ ಮಿಂಚಿನ ಪಾಠ ನೀನೇ ಮಾಡು" ಅಂದರು.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಒಂದು ಗುದ್ದು.

ನಿಮ್ಮ ಎಣ್ಣೆತಲೆಯ ಮಗಳು

ತಾ.ಕ.: ಕರೆದುಕೊಂಡು ಹೋಗಲು ಬರಬೇಡಿ ಅಪ್ಪಾ. ಕಟ್ಟಿಟ್ಟಿದ್ದ ಬ್ಯಾಗು ಬಿಚ್ಚಿ ಬಟ್ಟೆಯೆಲ್ಲ ಕಪಾಟಿಗೆ ಹಾಕಿದೆ. ಹೆದರಿಕೆ ಇನ್ನೂ ಹೋಗಿಲ್ಲ, ಆದರೂ ಇರುತ್ತೇನೆ. ಸರಿ ಅಂತ ಒಂದು ಸಾಲಾದರೂ ಬೇಗ ಬರೆಯಿರಿ.