ಐದರಲ್ಲಿ ಎರಡು

ಕಾಲೇಜು ಮಕ್ಕಳ ಮುಂದಿನ ದಾರಿಯನ್ನು ಪರದೆಯ ಮೇಲೆ ನಿರ್ಧರಿಸುವ ಆನ್‌ಲೈನ್ ಸೇವೆಯ ಮುಖ್ಯಸ್ಥರೇ,

ನಾನು ನ್ಯಾನ್ಸಿ ಕುಟಿನ್ಹೊ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಕುವೈತಿನ ಜಾಬ್ರಿಯಾದಲ್ಲಿ ಆಸ್ಪತ್ರೆಯೊಂದರ ಬಟ್ಟೆ ವಿಭಾಗಕ್ಕೆ ಇಸ್ತ್ರಿ ಹಾಕಲು ಸೇರಿ, ಅದೇ ವಿಭಾಗದ ಮೇಲ್ವಿಚಾರಕಿಯಾಗಿ ನಿವೃತ್ತಳಾದವಳು. ಮಂಗಾಫಿನ ನಮ್ಮ ಕಟ್ಟಡದಲ್ಲಿ ಜಗಳವಾದರೆ ಕಾವಲುಗಾರನಿಗಿಂತ ಮೊದಲು ನನ್ನನ್ನು ಕರೆಯುತ್ತಿದ್ದರು. ಇಷ್ಟು ಹೇಳಿಕೊಳ್ಳುವುದಕ್ಕೂ ನನಗೆ ನಾಚಿಕೆ. ಆದರೆ ತನ್ನ ಬಗ್ಗೆ ತಾನೇ ಹೇಳಿಕೊಳ್ಳದವರಿಗೆ ನಿಮ್ಮಲ್ಲಿ ಜಾಗವಿಲ್ಲ ಎಂದು ತಿಳಿದ ಮೇಲೆ ಹೇಳುತ್ತಿದ್ದೇನೆ. ನನ್ನ ದೂರು ಒಂದೇ. ನನ್ನ ಮೊಮ್ಮಗಳು ಪರ್ಲ್‌ಗೆ ಯೋಗ್ಯತೆ ಇಲ್ಲವೆಂದು ನೀವು ಹೇಳಿದಿರಿ, ಅವಳು ನಂಬಿಬಿಟ್ಟಳು.

ಈ ಪತ್ರ ಕನ್ನಡದಲ್ಲಿದೆ. ನಿಮಗೆ ಓದಿ ಹೇಳಲು ಪರ್ಲ್ ಓದುತ್ತಿದ್ದ ಕಾಲೇಜಿನಲ್ಲಿ ನಮ್ಮೂರ ಮಕ್ಕಳು ಬೇಕಾದಷ್ಟಿದ್ದಾರೆ. ಅವರ ತಂದೆತಾಯಿಯರೂ ಓದಲಿ ಎಂದೇ ಪತ್ರಿಕೆಗೆ ಕೊಟ್ಟಿದ್ದೇನೆ.

ಪರ್ಲ್ ಏನು ಮಾಡಬಲ್ಲಳು ಎಂಬುದನ್ನು ನೀವು ಕೇಳಲಿಲ್ಲ, ನಾನು ಹೇಳುತ್ತೇನೆ. ನಮ್ಮ ಎದುರು ಮನೆಯಲ್ಲಿ ಶಬೀರ್, ಶಮೀಲಾ ಎಂಬ ಬ್ಯಾರಿ ದಂಪತಿ. ಅವರ ಮಗಳು ಜುಮಾನಾಗೆ ನಾಲ್ಕು ದಾಟಿದರೂ ಮಾತು ಬಂದಿರಲಿಲ್ಲ. ಪರ್ಲ್ ಶಾಲೆಯಿಂದ ಬಂದವಳೇ ಆ ಮಗುವನ್ನು ಎದುರಿಗೆ ಕೂರಿಸಿಕೊಂಡು ಬಿಸ್ಕತ್ತಿನ ಡಬ್ಬಿಗೆ ಒಂದೊಂದೇ ಗುಂಡಿ ಹಾಕುವಳು. ಗುಂಡಿ ಬೀಳುವಾಗ 'ಟಪ್' ಎನ್ನುವಳು. ಮಗು ಸುಮ್ಮನೆ ನೋಡುವುದು. ಹೀಗೆ ಚಳಿ ಹೋಗಿ ಬಿಸಿಲು ಬಂತು. ಒಂದು ದಿನ ಪರ್ಲ್ ಗುಂಡಿ ಹಾಕಿ ಬಾಯಿ ಮುಚ್ಚಿಕೊಂಡು ಕುಳಿತಳು. ಜುಮಾನಾ ಕಾದಳು, ಕಾದಳು, ಆಮೇಲೆ ತಾನೇ 'ಟಪ್' ಎಂದಳು. ಮುಂದೊಂದು ದಿನ ಲಿಫ್ಟಿನ ಬಾಗಿಲಲ್ಲಿ ಫೋನಿನಲ್ಲಿ ಹರಟುತ್ತ ನಿಂತಿದ್ದ ಅಪ್ಪನಿಗೆ 'ಯಲ್ಲಾ', ನಡಿ ಬೇಗ, ಎಂದು ಅರಬ್ಬಿಯಲ್ಲಿ ಗದರಿಸಿದಳು. ಮಗಳ ಬೈಗುಳ ಕೇಳಿ ಶಬೀರ್ ಲಿಫ್ಟಿನೊಳಗೇ ಅತ್ತುಬಿಟ್ಟ.

"ನ್ಯಾನ್ಸಿ ಬಾಯಿ, ನಿಮ್ಮ ಹುಡುಗಿಯ ಕೈಯಲ್ಲಿ ಏನೋ ಉಂಟು" ಎಂದಳು ಶಮೀಲಾ.

"ಎಂತ ಉಂಟು ಮಾರಾಯ್ತಿ, ಸುಮ್ಮನೆ ಗುಂಡಿ ಆಡ್ತಾಳೆ" ಎಂದೆ ನಾನು.

ಹಾಗೆ ಹೇಳುವುದು ನಮ್ಮ ರೀತಿ. ಹಬ್ಬಕ್ಕೆ ಮಾಡಿದ 'ಸಣ್ಣ' ಎಂಬ ನಮ್ಮ ಇಡ್ಲಿ ಎಷ್ಟೇ ಹಗುರಾಗಿ ಉಬ್ಬಿ ಬಂದಿರಲಿ, ಅತಿಥಿಗಳು ಹೊಗಳಿದಾಗ 'ಉಪ್ಪು ಕಮ್ಮಿಯಾಯಿತೋ ಏನೋ' ಎನ್ನಬೇಕು. ಹೊಗಳುವುದು ನೆರೆಯವರ ಕೆಲಸ, ಅಲ್ಲಗಳೆಯುವುದು ಮನೆಯವರ ಕೆಲಸ. ಇಬ್ಬರೂ ಅವರವರ ಕೆಲಸ ಮಾಡಿದರೆ ಸತ್ಯ ಎಲ್ಲೋ ನಡುವೆ ಸಿಗುತ್ತದೆ. ನಿಮ್ಮ ಯಂತ್ರ ನೆರೆಯವರನ್ನು ಕೇಳಿತೇ?

ಅದು ಕೇಳಿದ್ದು ಪರ್ಲ್‌ಳನ್ನು. 'ನೀನು ಎಷ್ಟು ಚೆನ್ನಾಗಿ ಕಲಿಸಬಲ್ಲೆ? ಎಷ್ಟು ತಾಳ್ಮೆ ಇದೆ? ಇತರರನ್ನು ಎಷ್ಟು ಅರ್ಥಮಾಡಿಕೊಳ್ಳುತ್ತೀ? ಒಂದರಿಂದ ಐದರೊಳಗೆ ಅಂಕ ಕೊಡು.' ನಾನು ಪಕ್ಕದಲ್ಲೇ ಕುಳಿತು ಬೀನ್ಸ್ ಬಿಡಿಸುತ್ತಿದ್ದೆ.

"ಶಾಮಾಯ್, ಎಷ್ಟು ಹಾಕಲಿ?" ಎಂದು ಕೇಳಿದಳು. ಅಜ್ಜಿಯನ್ನು ನಾವು ಹಾಗೆ ಕರೆಯುತ್ತೇವೆ.

"ಐದು ದೇವರಿಗೆ. ನಾಲ್ಕು ನಿನ್ನ ಟೀಚರಿಗೆ. ಮೂರು ನಿನ್ನ ಅಮ್ಮನಿಗೆ."

ಅವಳು ನಕ್ಕಳು. ಎಲ್ಲದಕ್ಕೂ ಎರಡು ಹಾಕಿದಳು. ನನಗೆ ಹೆಮ್ಮೆಯಾಯಿತು. ಮಗು ಮರ್ಯಾದೆ ಕಲಿತಿದೆ ಅಂದುಕೊಂಡೆ.

ಕಣ್ಣು ಮಿಟುಕಿಸುವುದರೊಳಗೆ 'ನಿಮ್ಮ ದಾರಿ ಸಿದ್ಧವಾಗಿದೆ' ಎಂದು ಬಂತು. ಜನರೊಡನೆ, ಮಕ್ಕಳೊಡನೆ ವ್ಯವಹರಿಸುವ ಕೆಲಸಗಳಿಗೆ ಶಿಫಾರಸು ಇಲ್ಲ. ಎರಡನೆಯ ವರ್ಷಕ್ಕೆ ಅವಳು ಬಯಸಿದ್ದ ಮಕ್ಕಳ ಬೆಳವಣಿಗೆಯ ವಿಭಾಗದ ಬದಲು ಅಂಗಡಿ ದಾಸ್ತಾನಿನ ವಿಭಾಗ. ತರಬೇತಿ ಎಗೈಲಾದ ಮಾಲೊಂದರಲ್ಲಿ, ಅಂಗಿಗಳನ್ನು ಅಳತೆ ನೋಡಿ ತೂಗುಹಾಕುವುದು. ಬಟ್ಟೆ ಮಡಚುವುದು ಕೀಳು ಕೆಲಸವೆಂದು ನಾನು ಹೇಳುವವಳಲ್ಲ. ನನ್ನ ಮನೆ ನಿಂತದ್ದೇ ಮಡಚಿದ ಬಟ್ಟೆಯ ಮೇಲೆ. ಆದರೆ ನಾನು ಮಡಚಿದ್ದು ನನ್ನ ಮಕ್ಕಳು ಬೇರೆ ಏನಾದರೂ ಆಗಲಿ ಎಂದು. ನಿಮ್ಮ ಕ್ಷಣಾರ್ಧದ ಜ್ಞಾನ ಅವಳನ್ನು ನನ್ನ ಇಸ್ತ್ರಿ ಮೇಜಿಗೇ ವಾಪಸು ಕಳಿಸಿತು.

ನಿಮ್ಮ ಸೇವೆ ಬರುವ ಮೊದಲು ಅದೇ ಕಾಲೇಜಿನಲ್ಲಿ ರತ್ನಾವತಿ ಎಂಬ ಉಡುಪಿಯ ಕಡೆಯ ಹೆಂಗಸು ಮಕ್ಕಳಿಗೆ ದಾರಿ ಹೇಳುತ್ತಿದ್ದರು. ಪರ್ಲ್‌ಳ ಅಣ್ಣ ಆಲ್ರೊಯ್ ಅಲ್ಲಿ ಓದುವಾಗ ಅವರು ಒಂದು ಸಂಜೆ ಮನೆಗೆ ಫೋನ್ ಮಾಡಿದರು. "ಅಮ್ಮಾ, ನಿಮ್ಮ ಹುಡುಗನಿಗೆ ಇಂಜಿನ್ ಬಗ್ಗೆ 'ಸ್ವಲ್ಪ' ಗೊತ್ತುಂಟಂತೆ. ನಮ್ಮ ಊರಿನ ಸ್ವಲ್ಪವೋ, ಇಲ್ಲಿಯ ಸ್ವಲ್ಪವೋ?"

"ನಮ್ಮ ಊರಿನದ್ದು" ಎಂದೆ.

"ಹಾಗಾದರೆ ತುಂಬಾ ಗೊತ್ತುಂಟು, ಆಯಿತು ಬಿಡಿ" ಎಂದು ನಕ್ಕು ಫೋನ್ ಇಟ್ಟರು. ಇವತ್ತು ಶುವೈಖ್‌ನ ಗ್ಯಾರೇಜಿನಲ್ಲಿ ಯಾರಿಗೂ ಬಗೆಹರಿಯದ ಗಾಡಿಯನ್ನು ಆಲ್ರೊಯ್ ಮುಂದೆ ತಂದು ನಿಲ್ಲಿಸುತ್ತಾರೆ. ರತ್ನಾವತಿಯವರನ್ನು ನೀವು ಕೆಲಸದಿಂದ ಖಲಾಸ್ ಮಾಡಿದಿರಿ. ಅವರ ಕುರ್ಚಿಯಲ್ಲಿ ಈಗ ಪ್ರಿಂಟರ್ ಕೂತಿದೆ. ನಾನೇ ಕಣ್ಣಾರೆ ನೋಡಿದೆ.

ನೋಡಿದ್ದು ಸೊಸೆ, ಪರ್ಲ್‌ಳ ಅಮ್ಮ ಶರ್ಲಿನ್ ಜೊತೆ ಕಾಲೇಜಿಗೆ ವಿಚಾರಿಸಲು ಹೋದಾಗ. ಅಲ್ಲಿದ್ದ ನಿಮ್ಮ ಸೇವೆಯ ಯುವಕ ತುಂಬ ವಿನಯದಿಂದಲೇ ಮಾತಾಡಿದ. "ಆಂಟಿ, ನಾವೇನೂ ಮಾಡಿಲ್ಲ. ಮಾರ್ಕ್ಸ್ ಅವಳೇ ಕೊಟ್ಟುಕೊಂಡಿದ್ದು. ಮುಂದಿನ ವರ್ಷ ಇನ್ನೊಮ್ಮೆ ಮಾಡಬಹುದು. ಸ್ವಲ್ಪ ಕಾನ್ಫಿಡೆನ್ಸ್ ಕಲಿಸಿ."

"ಸುಳ್ಳು ಹೇಳಲು ಕಲಿಸಬೇಕಾ?"

"ಸುಳ್ಳಲ್ಲ ಆಂಟಿ, ಕಾನ್ಫಿಡೆನ್ಸ್."

ಎರಡಕ್ಕೂ ಇರುವ ವ್ಯತ್ಯಾಸವನ್ನು ಅವನೂ ಹೇಳಲಿಲ್ಲ, ನಿಮ್ಮ ಯಂತ್ರವೂ ಹೇಳಲಿಕ್ಕಿಲ್ಲ. ತನಗೆ ಬಾರದ್ದಕ್ಕೆ ಐದು ಹಾಕಿಕೊಂಡವನು ಇವತ್ತು ಮಕ್ಕಳ ವಿಭಾಗದಲ್ಲಿ ಕುಳಿತಿರಬಹುದು. ಅವನ ಮುಂದೆ ಕೂರುವ ಮಾತು ಬಾರದ ಮಗುವಿನ ಗತಿಯೇನು? ಆ ಮಗು ಯಾರಿಗೆ ಪತ್ರ ಬರೆಯಬೇಕು?

ಇಷ್ಟೇ ಆಗಿದ್ದರೆ ನಾನು ಜಗಳವಾಡಿ ಸುಮ್ಮನಾಗುತ್ತಿದ್ದೆ. ಆದರೆ ಪರ್ಲ್ ಎದುರು ಮನೆಗೆ ಹೋಗುವುದನ್ನು ನಿಲ್ಲಿಸಿದಳು. ಜುಮಾನಾ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಇವಳು ಕೋಣೆಯಿಂದಲೇ, "ಅವಳನ್ನು ಸರಿಯಾದ ಥೆರಪಿಸ್ಟ್ ಹತ್ತಿರ ಕರ್ಕೊಂಡು ಹೋಗ್ಲಿಕ್ಕೆ ಹೇಳಿ ಶಾಮಾಯ್. ನನ್ನಿಂದ ಏನಾದ್ರೂ ಹಾಳಾದ್ರೆ?" ಎನ್ನುತ್ತಿದ್ದಳು. ಡಬ್ಬಿಯ ಸದ್ದು ಮೆಲ್ಲನೆ ಎದುರು ಮನೆಗೆ ವಾಪಸಾಗುತ್ತಿತ್ತು.

ಹೋದ ತಿಂಗಳು ನನ್ನ ಜನ್ಮದಲ್ಲಿ ಮಾಡದ್ದನ್ನು ಮಾಡಿದೆ. ಶುಕ್ರವಾರದ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಎಲ್ಲ ಹೆಂಗಸರ ಎದುರು ಹೇಳಿದೆ: "ನನ್ನ ಪರ್ಲ್ ಮಾತು ಬಾರದ ಮಗುವಿಗೆ ಮಾತು ಕೊಟ್ಟಳು. ಇಲ್ಲಿ ನಿಂತಿರುವ ನಮ್ಮಲ್ಲಿ ಯಾರಿಗೂ ಅದು ಸಾಧ್ಯವಿಲ್ಲ." ಎಲ್ಲರೂ ನನ್ನ ಮುಖ ನೋಡಿದರು, ಜ್ವರ ಬಂದಿದೆಯೋ ಎಂಬಂತೆ. ಕಾರಿನಲ್ಲಿ ಪರ್ಲ್ ಕಿಟಕಿಯ ಕಡೆ ತಿರುಗಿ ಕುಳಿತಳು.

"ಪ್ಲೀಸ್ ಶಾಮಾಯ್, ಇನ್ನು ಹಾಗೆ ಹೇಳ್ಬೇಡಿ. ಇಷ್ಟು ವರ್ಷ ಒಂದು ಸಲವೂ ಹೇಳಿಲ್ಲ. ಈಗ ನಾನು ಫೇಲ್ ಆದೆ ಅಂತ ಹೊಗಳ್ತಾ ಇದ್ದೀರಿ."

ಮಾನ್ಯರೇ, ನೀವು ಕೊಟ್ಟ ಫಲಿತಾಂಶವನ್ನು ಅವಳು ನಂಬಿದಳು. ಹೆತ್ತವರಿಗಿಂತ ಹೆಚ್ಚಾಗಿ ಅವಳನ್ನು ಎತ್ತಿ ಆಡಿಸಿದ ನನ್ನ ಮಾತು ಅವಳಿಗೆ ಕನಿಕರವಾಗಿ ಕೇಳಿಸಿತು.

ನಾನು ನಿಮ್ಮಿಂದ ಕೇಳುವುದು ದೊಡ್ಡದೇನಲ್ಲ. ಆ ಫಲಿತಾಂಶವನ್ನು ಅಳಿಸಿ. ಪ್ರಿಂಟರನ್ನು ಎತ್ತಿ ಆ ಕುರ್ಚಿಯಲ್ಲಿ ಮನುಷ್ಯರನ್ನು ಕೂರಿಸಿ. ಒಂದು ಮಗುವಿಗೆ ದಾರಿ ಹೇಳುವ ಮೊದಲು ಅದರ ಎದುರು ಮನೆಯವರನ್ನು ಒಂದು ಮಾತು ಕೇಳಿ. ಇದು ಮುಂದಿನ ಮಕ್ಕಳಿಗಾಗಿ.

ನಮ್ಮದು ಆಗಿಹೋಯಿತು. ಮಗ ಜೋಯಲ್‌ನ ಮನೆಯಲ್ಲೇ ಕಣ್ಣು ಮುಚ್ಚಬೇಕೆಂದು ಇದ್ದವಳು ನಾನು. ಕಳೆದ ವಾರ ಕುವೈತಿನಲ್ಲಿರಲು ಬೇಕಾದ ಪರವಾನಗಿ, ನನ್ನ ಇಕಾಮಾವನ್ನೂ ಪರ್ಲ್‌ಳದ್ದನ್ನೂ ರದ್ದು ಮಾಡಿಸಿದೆ. ಮಂಗಳೂರಿನಲ್ಲಿ ಮಾತು ಮತ್ತು ಶ್ರವಣದ ಚಿಕಿತ್ಸೆ ಕಲಿಸುವ ಕಾಲೇಜೊಂದಿದೆ. ಅಲ್ಲಿಯವರು ಪರದೆ ತೋರಿಸಲಿಲ್ಲ, ಹುಡುಗಿಯನ್ನು ಕರೆತನ್ನಿ, ಮಕ್ಕಳ ಜೊತೆ ಕೂರಿಸಿ ನೋಡುತ್ತೇವೆ ಎಂದರು. ನನ್ನ ಮೊಣಕಾಲು ನೋವಿಗೆ ಜೊತೆ ಬೇಕೆಂದು ಪರ್ಲ್ ಹೊರಟಳು, ತನಗಾಗಿ ಅಲ್ಲ. ಶರ್ಲಿನ್ ಮಗಳ ಬಟ್ಟೆ ಮಡಚಿ ಕೊಟ್ಟು ಡ್ಯೂಟಿಗೆ ಹೋದಳು, ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ಜುಮಾನಾ ಲಿಫ್ಟಿನ ತನಕ ಬಂದಳು. 'ಯಲ್ಲಾ' ಎನ್ನಲಿಲ್ಲ.

ಇದನ್ನು ಮಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಅವಳನ್ನು ಅಲ್ಲಿಗೆ ಕರೆದೊಯ್ಯುತ್ತೇನೆ. 'ಏನು ಬರುತ್ತದೆ' ಎಂದು ಕೇಳಿದರೆ ಅವಳು 'ಸ್ವಲ್ಪ' ಎಂದೇ ಹೇಳುತ್ತಾಳೆ. ಹೇಳಲಿ.

ಇಂತಿ,
ಮೊಮ್ಮಗಳಿಗೆ ತಡವಾಗಿ ಐದು ಕೊಟ್ಟು, ಅದನ್ನು ಅವಳ ಕೈಗೆ ತಲುಪಿಸಲಾಗದ ಶಾಮಾಯ್,
ನ್ಯಾನ್ಸಿ ಕುಟಿನ್ಹೊ
ಈವರೆಗೆ ಮಂಗಾಫ್, ಕುವೈತ್