ಏಳನೇ ನರ, ಎರಡು ವಿಸಿಲ್

ನವೆಂಬರ್ 4, ಮಂಗಳವಾರ
ಮೂಡುಬಿದಿರೆ ಸ್ಟ್ಯಾಂಡ್, ಬೆಳಿಗ್ಗೆ 6.40. ಚಹಾ ಎಡಬದಿಯಿಂದ ಸೋರಿ ಖಾಕಿ ಅಂಗಿಗೆ. ಗ್ಲಾಸ್ ಒಡೆದಿದೆಯೋ ಅಂತ ನೋಡಿದೆ. ಇಲ್ಲ, ನಾನೇ. ವಿಸಿಲ್ ಊದಿದರೆ ಬರೀ ಗಾಳಿ. ಹನ್ನೊಂದು ವರ್ಷದ ಕಂಡಕ್ಟರ್‌ಗಿರಿಯಲ್ಲಿ ಟಯರ್ ಬಿಟ್ಟು ಬೇರೇನೋ ಪಂಕ್ಚರ್ ಆದದ್ದು ಇದೇ ಮೊದಲು. ಡ್ರೈವರ್ ಧರ್ಣಪ್ಪಣ್ಣ ಕನ್ನಡಿಯಲ್ಲಿ ನೋಡಿ, "ಎಂತ ಮಾರಾಯ, ಅರ್ಧ ಮೋರೆಯಲ್ಲಿ ನಗಾಡ್ತಿ?"
ನಾನು ನಗಲೇ ಇಲ್ಲ.

ನವೆಂಬರ್ 5
ಡಾಕ್ಟರು ಹುಬ್ಬು ಎತ್ತಲು ಹೇಳಿದರು. ಬಲದ್ದು ಎದ್ದಿತು. ಎಡದ್ದು ರಜೆ. "ಒಳ್ಳೇದಾಯ್ತು" ಅಂದರು! ಮೆದುಳಿಗೆ ಸ್ಟ್ರೋಕ್ ಆದರೆ ಸಾಮಾನ್ಯವಾಗಿ ಹಣೆ ಅಲುಗುತ್ತದಂತೆ. ನನ್ನದು ಹಣೆಯೂ ಮಲಗಿದೆ. ಹಾಗಾಗಿ ಕೆಟ್ಟದ್ದು ಹೆಡ್ ಆಫೀಸ್ ಅಲ್ಲ, ಲೈನು. ಮುಖದ ನರ. ಮಾತ್ರೆ, ಕಣ್ಣಿಗೆ ಡ್ರಾಪ್ಸ್.
"ಹೆಚ್ಚಿನವರಿಗೆ ಮೂರು ವಾರದಲ್ಲಿ ಅಲುಗಲು ಶುರು. ಕೆಲವರಿಗೆ ತಿಂಗಳುಗಟ್ಟಲೆ..."
ಆ ಕೆಲವರು ಯಾರು ಅಂತ ಕೇಳಲಿಲ್ಲ.

ನವೆಂಬರ್ 8
ರಜೆ ಹಾಕಲಿಲ್ಲ. ವಿಸಿಲ್ ಬದಲು ಕಂಬಿಗೆ ನಾಣ್ಯ ಬಡಿಯುವುದು — ಒಂದು ನಿಲ್ಲು, ಎರಡು ಹೋಗು. ಬೆರಳಲ್ಲಿ ತುಟಿ ಒತ್ತಿ ಹಿಡಿದರೆ ಊದಬಹುದು. ಆದರೆ ಒಂದು ಕೈ ಕಂಬಿಗೆ, ಒಂದು ಟಿಕೆಟಿಗೆ. ಮೂರನೇ ಕೈ ಇರುವುದು ದೇವರಿಗೆ, ಅವರು ಕಂಡಕ್ಟರಿಕೆಗೆ ಬರುವುದಿಲ್ಲ.
ದಿನಾ ಬರುವ ಸುರಕ್ಷಾ, ಫಿಸಿಯೋಥೆರಪಿ ಓದುವ ಹುಡುಗಿ, ಟಿಕೆಟಿನ ಹಿಂದೆ ಚಿತ್ರ ಬಿಡಿಸಿದಳು. ಮೆದುಳಿನಿಂದ ಹನ್ನೆರಡು ಜೋಡಿ ನರ, ಬೆನ್ನುಹುರಿಯಿಂದ ಮೂವತ್ತೊಂದು. ನನ್ನದು ಏಳನೆಯದ್ದು. ಕಿವಿಯ ಹತ್ತಿರ ಎಲುಬಿನೊಳಗೆ ಸುರಂಗ. ಅಲ್ಲಿ ನರ ಬಾತು ಸಿಕ್ಕಿಕೊಂಡಿದೆ. ದಾಟಿದರೆ ಐದು ಕವಲು, ಹಣೆಯಿಂದ ಕುತ್ತಿಗೆವರೆಗೆ. ಥೇಟ್ ಗುರುವಾಯನಕೆರೆ ಜಂಕ್ಷನ್.
"ಮತ್ತೆ ಸೊಳ್ಳೆ ಕಚ್ಚಿದ್ದು ಗೊತ್ತಾಗ್ತದಲ್ಲ?"
"ಅದು ಐದನೇ ನರ, ಧನರಾಜಣ್ಣ. ಸುದ್ದಿ ಒಯ್ಯುವುದು ಅದು. ಅಲುಗಿಸುವುದು ಏಳು."
ಅಂದರೆ ಅಪ್ ಟ್ರಿಪ್ಪಿಗೆ ಒಂದು ಕಂಪೆನಿ, ಡೌನಿಗೆ ಇನ್ನೊಂದು! ಹಾರ್ನ್ ಎಡಕಿವಿಗೆ ಡಬ್ಬಲ್ ಜೋರು ಕೇಳುವುದೂ ಏಳರದ್ದೇ ಕಿತಾಪತಿ. ಸದ್ದು ತಗ್ಗಿಸುವ ಸಣ್ಣ ಸ್ನಾಯು ಉಂಟಂತೆ ಒಳಗೆ. ನರದ ಕೆಲಸಕ್ಕೆ ಅವಳ ಪುಸ್ತಕದಲ್ಲಿ ಕಂಡಕ್ಷನ್ ಅಂತ ಹೆಸರು. ಹಾಗಾದರೆ ನಾವಿಬ್ಬರೂ ಒಂದೇ ಯೂನಿಯನ್. ಸ್ಟ್ರೈಕ್ ಮಾಡುವ ಮೊದಲು ನನಗೊಂದು ಮಾತು ಹೇಳಬಹುದಿತ್ತು.

ನವೆಂಬರ್ 13
ಲಾಯಿಲದಲ್ಲಿ ಯಾರದ್ದೋ ಸ್ಟೀಲ್ ಬುತ್ತಿ ಕಂಬಿಗೆ ಎರಡು ಸಲ ಬಡಿಯಿತು. ಧರ್ಣಪ್ಪಣ್ಣ ನಾಣ್ಯವೆಂದು ಗಾಡಿ ಎತ್ತಿದರು. ದಿನಾ ಬರುವ ಕಾವೇರಮ್ಮ ಹತ್ತುತ್ತಿದ್ದರು, ಒಂದು ಕಾಲು ಮೆಟ್ಟಿಲಲ್ಲಿ, ಒಂದು ರಸ್ತೆಯಲ್ಲಿ. ರಟ್ಟೆ ಹಿಡಿದು ಎಳೆದೆ. ಪೆಟ್ಟಾಗಲಿಲ್ಲ. ಬೈಗಳು ಬೆಳ್ತಂಗಡಿವರೆಗೂ.
ಸಂಜೆ ಬಸ್ಸಿನ ಧಣಿ ರಂಜಿತ್ ಬಂದರು. "ಒಂದನೇ ತಾರೀಕಿಗೆ ವಿಸಿಲ್ ಬಾರದಿದ್ದರೆ ಬಂಟ್ವಾಳದಲ್ಲಿ ಟೈಮ್ ಕೀಪರ್ ಆಗಿ ಕೂತುಕೋ. ಸಂಬಳ ಅದೇ."
ನ್ಯಾಯವೇ. ಆದರೆ ಕುರ್ಚಿಗೆ ಫುಟ್‌ಬೋರ್ಡ್ ಇಲ್ಲವಲ್ಲ...

ನವೆಂಬರ್ 27
ಹದಿನಾಲ್ಕು ದಿನ ಬರೆಯಲಿಲ್ಲ. ಕನ್ನಡಿ ಮುಂದೆ ಕೆನ್ನೆ ಉಬ್ಬಿಸು, ತುಟಿ ಚೂಪು ಮಾಡು. ಹೆಂಡತಿ ವಿಸ್ಮಿತಾ: "ಕನ್ನಡಿಗೆ ಕೊಡುವಷ್ಟು ಮುತ್ತು ನನಗೆ ಮದುವೆಯಾದ ವರ್ಷವೂ ಸಿಗಲಿಲ್ಲ."
ಇವತ್ತು ತುಟಿಯ ತುದಿ ಅಲುಗಿತು. ಎಳ್ಳುಕಾಳಷ್ಟು. ಮೊದಲು ನೋಡಿದ್ದು ಅವಳೇ. ತಮಾಷೆ ಮಾಡಲಿಲ್ಲ.

ಡಿಸೆಂಬರ್ 1, ಸೋಮವಾರ, 7.25
ಟ್ರಿಪ್ ಶೀಟಿನ ಹಿಂದೆ ಬರೆಯುತ್ತಿದ್ದೇನೆ. ಸ್ಟ್ಯಾಂಡಲ್ಲಿ ಧಣಿ ಕೈಕಟ್ಟಿ ನಿಂತಿದ್ದರು. ಊದಿದೆ. ಗಾಳಿ. ಬಸ್ಸು ಕಲ್ಲು. ಇನ್ನೊಮ್ಮೆ — ಎರಡು ತೆಳು ಸದ್ದು, ಹಕ್ಕಿಮರಿಯದ್ದು. ಬಸ್ಸು ಹೊರಟಿತು.
ಮುಂದೆ ಹೋಗಿ ಕೇಳಿದೆ: "ಕೇಳಿತಾ, ಪಾಪ ಅಂತ ಗಾಡಿ ಬಿಟ್ಟದ್ದಾ?"
ಧರ್ಣಪ್ಪಣ್ಣ ತಿರುಗಲಿಲ್ಲ. "ನನ್ನನ್ನು ಕೇಳಬೇಡ. ಗಾಡಿ ಎತ್ತಿದ ಕಾಲನ್ನು ಕೇಳು."
ಕಾಲು ಬಾಯಿಬಿಡುವುದಿಲ್ಲ. ತಿಳಿಯುವ ದಾರಿ ಒಂದೇ, ನಿಲ್ಲಿಸಿ ನೋಡುವುದು. ವೇಣೂರು ಬಂತು. ಕಾವೇರಮ್ಮ ಎದ್ದರು, ನನ್ನ ಬಾಯಿಯನ್ನೇ ನೋಡ್ತಿದ್ದಾರೆ. ಧರ್ಣಪ್ಪಣ್ಣ ಕನ್ನಡಿ ನೋಡ್ತಾ ಇಲ್ಲ. ವಿಸಿಲ್ ತುಟಿಯಲ್ಲಿ. ಒಂದೇ ಒಂದು ಊದು. ಬ್ರೇಕ್—