ತೇಜಾವತಿಯ ಮಾವನವರು ಎತ್ತಿಕೊಂಡ ಫೋನು

ಹಿರಿಯೂರು
ಕ್ರಿ.ಶ. ೨೧೫೮, ಹದಿಮೂರನೇ ತಿಂಗಳು

ನೂರಮೂವತ್ತು ವರ್ಷ ಹಿಂದಿರುವ ಹಿರಿಯರಿಗೆ ಮಂದಾರಳ ನಮಸ್ಕಾರಗಳು.

ಹದಿಮೂರನೇ ತಿಂಗಳು ಎಂದರೆ ನಿಮಗೆ ನಗು ಬರಬಹುದು. ಬೇಸಿಗೆ ಉದ್ದವಾದ ಮೇಲೆ ತಿಂಗಳುಗಳನ್ನು ಮತ್ತೆ ಹಂಚಿದರು, ನಮಗೆ ರೂಢಿಯಾಗಿದೆ. ನನ್ನ ಕನ್ನಡ ವಿಚಿತ್ರವಾಗಿ ಕಂಡರೂ ಕ್ಷಮಿಸಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಅಜ್ಜಿಯ ಪಕ್ಕ ಕೂತು ಒತ್ತಕ್ಷರ ತಿದ್ದಿಸಿಕೊಂಡು ಬರೆಯುತ್ತಿದ್ದೇನೆ. ಇದನ್ನು ನಾವು ಹಿಂದೋಲೆ ಎನ್ನುತ್ತೇವೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಹೊಸದಾಗಿ ಮದುವೆಯಾದ ಪ್ರತಿ ಜೋಡಿಗೂ ಸರ್ಕಾರ ಒಂದೇ ಒಂದನ್ನು ಉಡುಗೊರೆಯಾಗಿ ಕೊಡುತ್ತದೆ. ಎಲ್ಲರೂ ಅದರಲ್ಲಿ ಹಿರಿಯರ ಆಶೀರ್ವಾದ ಬೇಡುತ್ತಾರೆ. ನಾನು ಬೇಡುವುದು ಬೇರೆ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ, ತಡೆದುಕೊಳ್ಳಲು ಆಗುತ್ತಿಲ್ಲ! ನನ್ನ ಗಂಡ ಓಬಳೇಶನಂಥ ಮನುಷ್ಯ ಈ ಊರಿನಲ್ಲಿ ಇನ್ನೊಬ್ಬನಿಲ್ಲ. ನಿದ್ದೆಯಲ್ಲೂ ನಗುತ್ತಾನೆ. ಬಿಸಿಲಿಗೆ ಬೀದಿಗಳಿಗೆಲ್ಲ ಚಾವಣಿ ಹಾಕಿರುವುದರಿಂದ ಸಂಜೆ ಆ ನೆರಳಿನಲ್ಲೇ ಕೈಹಿಡಿದು ನಡೆಯುತ್ತೇವೆ. ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಈಗಲೂ ಇವೆ, ನೀವು ಚಿಂತಿಸಬೇಡಿ. ಬಜ್ಜಿಯ ತುದಿ ಖಾರವಿರುವುದಿಲ್ಲ ಎಂದು ಅದನ್ನು ನನಗೇ ಬಿಡುತ್ತಾನೆ. ಹೀಗೇ ಪುಟಗಟ್ಟಲೆ ಬರೆಯಬಲ್ಲೆ. ಆದರೆ ಹಿಂದೋಲೆಗೆ ಇಷ್ಟೇ ಜಾಗ.

ನಾವಿಬ್ಬರೂ ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಜಲವಿಜ್ಞಾನ ಓದಲು ಆಯ್ಕೆಯಾಗಿದ್ದೆವು. ಸರ್ಕಾರಿ ಎಂಬುದು ಹೆಸರಿಗೆ ಮಾತ್ರ, ಶುಲ್ಕ ಕೇಳಿದರೆ ಎದೆ ಒಡೆಯುತ್ತದೆ. ಇಬ್ಬರದೂ ಕಟ್ಟುವ ಶಕ್ತಿ ನಮ್ಮ ಎರಡು ಮನೆಗಳಿಗೆ ಇರಲಿಲ್ಲ. ಮದುವೆಯಾದವರಿಗೆ ಜೋಡಿ ಶುಲ್ಕ ಎಂಬುದಿದೆ: ಒಬ್ಬರದು ಕಟ್ಟಿ ಇಬ್ಬರೂ ಓದಬಹುದು. ಹೇಗೂ ಆಗುವವರೇ, ದಾಖಲಾತಿಗೆ ಮುಂಚೆಯೇ ಆಗಿಬಿಡೋಣ ಎಂದುಕೊಂಡೆವು. ಎರಡೂ ಮನೆಯವರು ನಮ್ಮ ಜಾಣತನಕ್ಕೆ ಹಿಗ್ಗಿದರು. ಬೆಳಿಗ್ಗೆ ಮದುವೆ ನೋಂದಾಯಿಸಿ, ಅರಿಶಿನದ ಕೈಯಲ್ಲೇ ಮಧ್ಯಾಹ್ನ ದಾಖಲಾತಿಯ ಸಾಲಿನಲ್ಲಿ ನಿಂತೆವು.

ಇಲ್ಲಿ ಸೀಟು ಕೊಡುವುದು ಫಲಾಂಕ ನೋಡಿ. ಪದವಿ ಮುಗಿದ ಮೇಲೆ ಈ ವ್ಯಕ್ತಿ ಕೆಲಸದಲ್ಲಿರುವ ಸಂಭವ ಎಷ್ಟು ಎಂದು ಯಂತ್ರ ಹಾಕುವ ಲೆಕ್ಕ ಅದು. ಪರೀಕ್ಷೆಯ ಅಂಕ ಅದರಲ್ಲಿ ಒಂದು ಪಾಲು ಅಷ್ಟೇ. ಎಷ್ಟು ಪದವೀಧರರಿಗೆ ಕೆಲಸ ಸಿಕ್ಕಿದೆ ಎಂದು ತೋರಿಸುವ ಫಲಕವೊಂದು ಹೆಬ್ಬಾಗಿಲಿನ ಮೇಲೆ ಸದಾ ಬೆಳಗುತ್ತಿರುತ್ತದೆ. ಜನ ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ನಿಂತು ನೋಡುತ್ತಾರೆ. ಅದು ಇಳಿದರೆ ಅನುದಾನವೂ ಇಳಿಯುತ್ತದೆ. ಹಾಗಾಗಿ ಇಳಿಸಬಹುದಾದವರನ್ನು ಒಳಗೇ ಬಿಡುವುದಿಲ್ಲ. ಕಲಿಸುವ ಕಷ್ಟವೂ ತಪ್ಪಿತು, ಹೆಸರೂ ಬಂತು.

ಕೌಂಟರಿನ ಹೆಂಗಸು ಒಳ್ಳೆಯವಳು. ಕಂಗ್ರಾಜುಲೇಷನ್ಸ್ ಮೊದಲು ಹೇಳ್ಲೋ ಇದನ್ನ ಮೊದಲು ಹೇಳ್ಲೋ ಅಂತ ಒದ್ದಾಡಿದಳು. ಮದುವೆಯಿಂದ ಓಬಳೇಶನ ಫಲಾಂಕ ಏರಿತ್ತು. ಸಂಸಾರಸ್ಥ, ಕೆಲಸ ಬಿಡುವುದಿಲ್ಲವಂತೆ. ನನ್ನದು ಕುಸಿದು, ಸೀಟು ಕೈತಪ್ಪಿತ್ತು. ಅವನು ತನ್ನ ಸೀಟು ಬಿಡುತ್ತೇನೆಂದ. ಬಿಟ್ಟರೆ ನನ್ನ ಫಲಾಂಕವೇನೂ ಏರುವುದಿಲ್ಲ. ಮದುವೆಯಿಂದ ಬಿಡುಗಡೆ ಪತ್ರ ತಂದರೆ ನಾಳೆಯೇ ಸರಿಹೋಗುತ್ತೆ ಕಣಮ್ಮ, ಎಷ್ಟೋ ಜನ ತರ್ತಾರೆ, ಎಂದಳು ಅವಳು. ಆಗ ಜೋಡಿ ಶುಲ್ಕ ಹೋಗುತ್ತದೆ. ಎರಡು ಶುಲ್ಕ ಕಟ್ಟಲಾಗದೆ ತಾನೇ ನಾವು ಮದುವೆಗೆ ಅವಸರ ಮಾಡಿದ್ದು?

ಫಲಾಂಕಕ್ಕೆ ಆಧಾರವೇನೆಂದು ಕೇಳುವ ಹಕ್ಕು ನಮಗಿದೆ. ಕೇಳಿದೆ. ಕಿವಿಗೆ ಯಂತ್ರ ಸಿಕ್ಕಿಸಿ ನಿಮ್ಮ ಧ್ವನಿಗಳನ್ನು ಕೇಳಿಸಿದರು.

ನಿಮ್ಮ ಕಾಲದಲ್ಲಿ, ಪದವಿ ಮುಗಿಸಿದವರು ಏನು ಮಾಡುತ್ತಿದ್ದಾರೆಂದು ಇದೇ ವಿಶ್ವವಿದ್ಯಾಲಯ ಮನೆಗಳಿಗೆ ಫೋನು ಮಾಡುತ್ತಿತ್ತು. ಹುಡುಗರಾದರೆ ಅವರೇ ಮಾತಾಡಿದ್ದಾರೆ. ಹುಡುಗಿಯರ ಪರವಾಗಿ ನೀವು ಮಾತಾಡಿದ್ದೀರಿ. ಎಷ್ಟು ಹೆಮ್ಮೆ ನಿಮ್ಮ ದನಿಯಲ್ಲಿ! ಅವಳಿಗೇನು ಕೆಲಸ ಸಾರ್, ಮದುವೆ ಮಾಡಿ ಕೊಟ್ಟಿದೀವಿ, ಆರಾಮಾಗಿದಾಳೆ. ತೇಜಾವತಿ ಎಂಬ ಬಿ.ಎಸ್‌ಸಿ. ಪದವೀಧರೆಯ ಮನೆಯಲ್ಲಿ ಫೋನು ಎತ್ತಿಕೊಂಡವರು ಅವಳ ಮಾವ. ಸೊಸೆ ಮನೇಲೇ ಇದಾಳಪ್ಪ, ಎಂದರು. ಹಿಂದಿನಿಂದ ಅವಳು ಕೂಗುತ್ತಾಳೆ: ಮಾವ, ಟ್ಯೂಷನ್ ಮಾಡ್ತೀನಿ ಅನ್ನಿ, ಹಾಲಿನ ಡೈರಿ ಲೆಕ್ಕಾನೂ ನಂದೇ ಅನ್ನಿ! ಮಾವ ನಗುತ್ತಾರೆ: ಸುಮ್ನಿರಮ್ಮ, ಅದೂ ಒಂದು ಕೆಲ್ಸಾನಾ, ಯೂನಿವರ್ಸಿಟಿಯೋರು ನಗ್ತಾರೆ.

ಯೂನಿವರ್ಸಿಟಿಯವರು ನಗಲಿಲ್ಲ, ಬರೆದುಕೊಂಡರು. ಕೆಲಸವಿಲ್ಲ, ಕಾರಣ ಮದುವೆ. ಅಂಥ ಸಾವಿರಾರು ಉತ್ತರಗಳನ್ನು ಉಂಡು ಬೆಳೆದ ಯಂತ್ರ ನನ್ನ ಅರಿಶಿನದ ಕೈ ನೋಡಿದ್ದು. ಪದವೀಧರೆಯೇ ಬಾಯಿಬಿಟ್ಟು ಹೇಳಿದ್ದರೆ ಅದನ್ನು ಎಣಿಸಲೇಬೇಕು ಎಂಬ ನಿಯಮವಿದೆ. ತೇಜಾವತಿಯ ಮಾತು ಎಣಿಕೆಗೆ ಬಂದಿಲ್ಲ. ಕುಕ್ಕರಿನ ವಿಷಲ್ ಜೊತೆಗೆ ಅದನ್ನೂ ಹಿನ್ನೆಲೆ ಶಬ್ದ ಎಂದು ಗುರುತು ಹಾಕಿದ್ದಾರೆ.

ನೀವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದ್ದರೆ ಮನಸ್ಸಾದರೂ ಹಗುರಾಗುತ್ತಿತ್ತು. ಮಗಳನ್ನು ಸಾಲ ಮಾಡಿ ಓದಿಸಿದವರು ನೀವು, ಫಲಿತಾಂಶದ ದಿನ ಬೀದಿಗೆಲ್ಲ ಪೇಡೆ ಹಂಚಿದವರು. ಆಮೇಲೆ ಅವಳು ದುಡಿದದ್ದನ್ನೆಲ್ಲ ಆರಾಮ ಎಂದು ಕರೆದಿರಿ. ಆ ಆರಾಮದ ಬಡ್ಡಿಯನ್ನು ನನ್ನ ಹತ್ತಿರ ವಸೂಲು ಮಾಡುತ್ತಿದ್ದಾರೆ.

ಆಶೀರ್ವಾದ ನನಗೆ ಬೇಡ. ಫೋನು ಬಂದಾಗ ಅವಳ ಕೈಗೆ ಕೊಡಿ. ಅವಳು ಹಿತ್ತಲಲ್ಲಿದ್ದರೆ ಕರೆಯಿರಿ, ಕೈ ಒದ್ದೆಯಿದ್ದರೆ ಒರೆಸಿಕೊಳ್ಳುವವರೆಗೆ ಕಾಯಿರಿ. ನನ್ನ ಸೀಟನ್ನು ಈ ತಿಂಗಳು ಮುಗಿಯುವವರೆಗೆ ಯಾರಿಗೂ ಕೊಡುವುದಿಲ್ಲವಂತೆ. ನಾಳೆ ಬೆಳಿಗ್ಗೆ ಓಬಳೇಶ ತರಗತಿಗೆ ಹೋಗುತ್ತಾನೆ. ನಾನು ಕೌಂಟರಿಗೆ ಹೋಗಿ ನನ್ನ ಫಲಾಂಕ ಎಷ್ಟಾಗಿದೆ ಎಂದು ಕೇಳುತ್ತೇನೆ. ನೀವು ಏನು ಮಾಡಿದಿರಿ ಎಂಬುದು ನನಗೆ ಆಗ ತಿಳಿಯುತ್ತದೆ.

ಇಂತಿ,
ಮಂದಾರ